ಸಿಡಿ ಓದುತ್ತಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ

ಹಳೇ ತಾಳಮದ್ದಳೆ, ಯಕ್ಷಗಾನದ ರೆಕಾರ್ಡಿಂಗ್ ಕೂಡಿಟ್ಟುಕೊಂಡವರು ಒಂದು ಭಾನುವಾರ ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಸೇರಿದ್ದರು. ಅಲ್ಲಿ ಆಡಿದ ಮಾತು ಇದು. ಬರೆಯುವಾಗ ಒಂದಿಷ್ಟು ಸೇರಿಸಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಈ ಸಿಡಿ ನೋಡಿ, ಹಿಂದಿನ ಬೆಂಚಿನವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಅಗ್ಗದ ಮಾಲು, ಒಳಗೆ ಏನೂ ಇಲ್ಲ, ಹೆದರಬೇಡಿ. ಹೆಸರು ಬರೆಯುವ ಮೇಲಿನ ಮೈ ಇದೆಯಲ್ಲ, ಅಲ್ಲಿ ಬ್ಲೇಡಿನಿಂದ ಒಂದು ಸಣ್ಣ ಗೀರು ಹಾಕಿದ್ದೇನೆ. ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿ ಉಗುರಿನಲ್ಲಿ ಉಜ್ಜುತ್ತೇನೆ. ಈಗ ಕೀಳುತ್ತೇನೆ. ನೋಡಿದಿರಾ? ಬೆಳ್ಳಿ ಬಣ್ಣವೆಲ್ಲ ಟೇಪಿಗೇ ಬಂತು. ಡಿಸ್ಕಿನಲ್ಲಿ ಒಂದು ಕಿಟಕಿ ಆಯಿತು, ಆ ಕಡೆ ಕೂತವರ ಮುಖ ಕಾಣಿಸುತ್ತಿದೆ.

ನಾವೆಲ್ಲ ಇಷ್ಟು ವರ್ಷ ಜೋಪಾನ ಮಾಡಿದ್ದು ಕೆಳಗಿನ ಹೊಳೆಯುವ ಮೈಯನ್ನು. ಅಲ್ಲಿ ಬೆರಳು ಇಡಬಾರದು, ಅಲ್ಲಿ ಗೀರು ಬೀಳಬಾರದು ಅಂತ. ಆದರೆ ಆ ಕಡೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಇದೆ. ಅದರ ಮೇಲೆ ಒಂದು ಪದರ ಬಣ್ಣ, ಬಣ್ಣದ ಮೇಲೆ ಲೋಹ, ಲೋಹದ ಮೇಲೆ ತೆಳ್ಳಗೆ ಒಂದು ಲೇಪ, ಅಷ್ಟೇ. ನಮ್ಮ ಹಾಡು, ಮಾತು, ಫೋಟೋ ಎಲ್ಲ ಇರುವುದು ಆ ಬಣ್ಣದಲ್ಲಿ. ಅಂದರೆ ನಾವು ಹೆಸರು ಬರೆದು, ಸ್ಟಿಕ್ಕರ್ ಅಂಟಿಸಿ, ಕಿತ್ತು ಮತ್ತೆ ಅಂಟಿಸುವ ಮೈಯ ತೀರಾ ಹತ್ತಿರ. ಡಿವಿಡಿ ಹಾಗಲ್ಲ. ಅದು 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು, ಬಣ್ಣ ನಡುವೆ ಇರುತ್ತದೆ. ಇದೇ ಟೇಪಿನ ಆಟ ಡಿವಿಡಿ ಮೇಲೆ ನಡೆಯುವುದಿಲ್ಲ.

ನಾನು ಈ ಹುಚ್ಚಿಗೆ ಬಿದ್ದ ಕಥೆ ಚಿಕ್ಕದು. ನಮ್ಮ ದೊಡ್ಡಪ್ಪನ ಹತ್ತಿರ ತಾಳಮದ್ದಳೆಯ ಕ್ಯಾಸೆಟ್ ರಾಶಿ ಇತ್ತು. 80ರ ದಶಕದ್ದು, ಎಷ್ಟೋ ರಾತ್ರಿ ಟೇಪ್‌ರೆಕಾರ್ಡರ್ ಮಡಿಲಲ್ಲಿಟ್ಟುಕೊಂಡು ಕೂತು ಹಿಡಿದದ್ದು. 2004ರಲ್ಲಿ ಪೇಟೆಯ ಒಂದು ಅಂಗಡಿಗೆ ಕೊಟ್ಟು ಎಲ್ಲವನ್ನೂ ಸಿಡಿ ಮಾಡಿಸಿದೆವು. ಅಂಗಡಿಯವರು ಚಂದದ ಲೇಬಲ್ ಪ್ರಿಂಟ್ ಮಾಡಿ ಅಂಟಿಸಿ ಕೊಟ್ಟರು, "ಇನ್ನು ನೂರು ವರ್ಷ ಚಿಂತೆ ಇಲ್ಲ" ಅಂದರು. ನಾವು ನಂಬಿದೆವು. ಕ್ಯಾಸೆಟ್‌ಗಳನ್ನು ಗುಜರಿಯವನಿಗೆ ಕೊಟ್ಟೆವು. ಯಾಕೆ ಕೊಟ್ಟೆವು ಅಂತ ಈಗ ಕೇಳಬೇಡಿ, ಸಿಡಿ ಇದೆಯಲ್ಲ ಅಂತ ಕೊಟ್ಟೆವು.

ಸುಮಾರು ಒಂಬತ್ತು ವರ್ಷ ಕಳೆದು ದೊಡ್ಡಪ್ಪನ ವರ್ಷಾಂತಕ್ಕೆ ಹಾಕೋಣ ಅಂತ ತೆಗೆದರೆ, ಕೆಲವು ಓದಲೇ ಇಲ್ಲ. ಉಳಿದವು ಓದಿದವು. ನನಗೆ ಇವತ್ತಿಗೂ ಉರಿಯುವುದು ಓದದೇ ಇದ್ದವುಗಳ ಬಗ್ಗೆ ಅಲ್ಲ. ಆಗ ಓದಿದ ಒಂದು ಡಿಸ್ಕ್ ಬಗ್ಗೆ. ಅದನ್ನು ಪೂರ್ತಿ ಕೇಳಿದೆ, ಎಲ್ಲೂ ತಡವರಿಸಲಿಲ್ಲ, ಚೆನ್ನಾಗಿದೆ ಅಂತ ಮತ್ತೆ ರೆಕ್ಸಿನ್ ಪೌಚಿನೊಳಗೆ ಇಟ್ಟೆ. ಮುಂದಿನ ಮಳೆಗಾಲ ಕಳೆದು ತೆಗೆದಾಗ ಅದೂ ಹೋಗಿತ್ತು. ಕೇಳಿದ ದಿನವೇ ಅದು ಸಾಯುವ ಹಂತದಲ್ಲಿತ್ತು, ನನಗೆ ಗೊತ್ತಾಗಲಿಲ್ಲ. ಯಾಕೆ ಗೊತ್ತಾಗಲಿಲ್ಲ ಅನ್ನುವುದೇ ಇವತ್ತಿನ ಮಾತು.

ಸಿಡಿಯಲ್ಲಿ ತಪ್ಪು ಇಲ್ಲದ ಜಾಗವೇ ಇಲ್ಲ ಅಂದುಕೊಳ್ಳಿ. ಅಂಗಡಿಯಿಂದ ಈಗಷ್ಟೇ ತಂದು ಬರೆದ ಡಿಸ್ಕಿನಲ್ಲೂ ತಪ್ಪು ಇರುತ್ತದೆ. ಧೂಳಿನ ಕಣ, ಪ್ಲಾಸ್ಟಿಕ್ಕಿನ ದೋಷ, ಲೇಸರ್ ಸ್ವಲ್ಪ ಆಚೀಚೆ ಆಗಿದ್ದು. ಇದು ಗೊತ್ತಿದ್ದೇ ಸಿಡಿಯನ್ನು ರೂಪಿಸಿದ ಫಿಲಿಪ್ಸ್ ಮತ್ತು ಸೋನಿಯವರು ಮೊದಲಿನಿಂದಲೇ ತಪ್ಪು ತಿದ್ದುವ ಏರ್ಪಾಡು ಇಟ್ಟರು. ಡಿಸ್ಕಿನ ಮೇಲಿನ ಮಾಹಿತಿ ಫ್ರೇಮ್ ಅನ್ನುವ ಸಣ್ಣ ಸಣ್ಣ ಕಂತುಗಳಲ್ಲಿ ಇರುತ್ತದೆ. ಒಂದು ಫ್ರೇಮಿನಲ್ಲಿ 24 ಬೈಟ್ ನಮ್ಮ ಮಾಲು, 8 ಬೈಟ್ ತಾಳೆ ನೋಡುವುದಕ್ಕೆ. ಸೆಕೆಂಡಿಗೆ ಇಂಥ 7350 ಫ್ರೇಮ್. ಅದೂ ಸಾಲಾಗಿ ಬರೆದಿರುವುದಿಲ್ಲ, ಒಂದು ಫ್ರೇಮಿನ ಅಕ್ಷರಗಳನ್ನು ಬೇರೆ ಬೇರೆ ಕಡೆ ಚದುರಿಸಿರುತ್ತಾರೆ. ಗೀರು ಬಿದ್ದರೆ ಒಂದು ಪೂರ್ತಿ ಪದ ಹೋಗುವ ಬದಲು ನೂರು ಪದಗಳಲ್ಲಿ ಒಂದೊಂದು ಅಕ್ಷರ ಹೋಗುತ್ತದೆ. "ಬೆಂ_ಳೂರು" ಅಂತ ಬರೆದಿದ್ದರೆ ಮಧ್ಯದ ಅಕ್ಷರ ನಿಮಗೇ ಹೊಳೆಯುತ್ತದೆ ಅಲ್ವಾ, ಹಾಗೆ. ಈ ಏರ್ಪಾಡಿನಿಂದ ಟ್ರ್ಯಾಕಿನ ಮೇಲೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ತೂತನ್ನೂ ಪೂರ್ತಿ ತುಂಬಿಕೊಳ್ಳಬಹುದು.

ಈ ತಿದ್ದುವಿಕೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲನೆಯದು ಸಿ1, ಸಣ್ಣಪುಟ್ಟ ತಪ್ಪನ್ನು ಅಲ್ಲೇ ತಿದ್ದುತ್ತದೆ. ಅದರ ಕೈಲಿ ಆಗದ್ದು ಸಿ2ಗೆ ಹೋಗುತ್ತದೆ. ಸಿ2 ಕೈಲೂ ಆಗದಿದ್ದರೆ ಹಾಡಿನ ಸಿಡಿಯಲ್ಲಿ ಪ್ಲೇಯರು ಅಕ್ಕಪಕ್ಕ ನೋಡಿ ಊಹೆ ಮಾಡಿ ತುಂಬುತ್ತದೆ, ಅದೂ ಆಗದಿದ್ದರೆ ಟಕ್ ಅನ್ನುತ್ತದೆ. ನಮ್ಮ ಕಿವಿಗೆ ಬೀಳುವುದು ಈ ಕೊನೆಯ ಟಕ್ ಮಾತ್ರ. ಅದಕ್ಕೂ ಮೊದಲು ವರ್ಷಗಟ್ಟಲೆ ನಡೆದದ್ದು ನಮಗೆ ಕೇಳಿಸುವುದೇ ಇಲ್ಲ. ಮಗನ ತಪ್ಪನ್ನೆಲ್ಲ ಅಪ್ಪನಿಗೆ ಗೊತ್ತಾಗದ ಹಾಗೆ ಮುಚ್ಚಿಡುವ ತಾಯಿ ಇರುತ್ತಾಳಲ್ಲ, ಕೊನೆಗೊಂದು ದಿನ ಪೊಲೀಸರೇ ಮನೆಗೆ ಬಂದಾಗ ಅಪ್ಪನಿಗೆ ಗೊತ್ತಾಗುವುದು. ಸಿ1, ಸಿ2 ಆ ತಾಯಿ. ನಾವು ಅಪ್ಪ. (ಇದಕ್ಕೆ ಹೆಂಗಸರ ಕಡೆಯಿಂದ ಆಕ್ಷೇಪಣೆ ಬಂತು, ಒಪ್ಪಿಕೊಂಡೆ.)

ಹಾಗಾದರೆ ಪರೀಕ್ಷೆ ಅಂದರೆ ಏನು? ಹಾಕಿ ಕೇಳುವುದಲ್ಲ. ಆ ತಾಯಿ ದಿನಕ್ಕೆ ಎಷ್ಟು ತಪ್ಪು ಮುಚ್ಚುತ್ತಿದ್ದಾಳೆ ಅಂತ ಲೆಕ್ಕ ಹಾಕುವುದು. ಸಿ1 ಹಂತದಲ್ಲಿ ತಪ್ಪು ಸಿಕ್ಕಿದ ಫ್ರೇಮುಗಳು ಸೆಕೆಂಡಿಗೆ ಎಷ್ಟು ಅನ್ನುವುದಕ್ಕೆ ಬ್ಲಾಕ್ ಎರರ್ ರೇಟ್ ಅನ್ನುತ್ತಾರೆ, ಬಿಎಲ್‌ಇಆರ್ ಅಂತ ಚಿಕ್ಕದಾಗಿ. ಸಿಡಿಯ ಮೂಲ ನಿಯಮದ ಪ್ರಕಾರ ಇದು ಹತ್ತು ಸೆಕೆಂಡಿನ ಸರಾಸರಿಯಲ್ಲಿ 220 ದಾಟಬಾರದು. 7350ರಲ್ಲಿ 220, ನೂರಕ್ಕೆ ಮೂರು. ಆದರೆ 220 ಅನ್ನುವುದು ಹೊಸ ಡಿಸ್ಕ್ ಮಾರಾಟಕ್ಕೆ ಪಾಸಾಗುವ ಗೆರೆ, ಕಾಪಾಡಿ ಇಡುವ ಡಿಸ್ಕಿಗೆ ಅದು ಏನೇನೂ ಸಾಲದು. 35 ಮಾರ್ಕಿನವನನ್ನು ಇಸ್ರೋಗೆ ಕಳಿಸಿದ ಹಾಗಾಗುತ್ತದೆ. ಧ್ವನಿ ಸಂಗ್ರಹ ಮಾಡುವವರ ಅಂತರರಾಷ್ಟ್ರೀಯ ಸಂಘ, ಐಎಎಸ್‌ಎ, ತನ್ನ ಕೈಪಿಡಿಯಲ್ಲಿ ಸರಾಸರಿ 10ರ ಒಳಗೆ, ಅತಿ ಹೆಚ್ಚು ಅಂದರೆ 50ರ ಒಳಗೆ ಇರಬೇಕು ಅನ್ನುತ್ತದೆ. ಸಿ2ವರೆಗೆ ಹೋದ ದೊಡ್ಡ ತಪ್ಪು ಸೊನ್ನೆ ಇರಬೇಕು. ಸೊನ್ನೆ ಅಂದರೆ ಸೊನ್ನೆ.

ಇದನ್ನು ನೋಡುವುದಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿವೆ, ಅವು ನಮ್ಮ ಕೈಗೆಟಕುವುದಿಲ್ಲ. ಆದರೆ ಹಳೇ ಕಂಪ್ಯೂಟರ್ ಡ್ರೈವುಗಳಲ್ಲಿ ಕೆಲವು ತಮ್ಮ ಒಳಗಿನ ಈ ಲೆಕ್ಕವನ್ನು ಹೊರಗೆ ಹೇಳುತ್ತವೆ. ಲೈಟ್‌ಆನ್, ಪ್ಲೆಕ್ಸ್‌ಟರ್, ಬೆನ್‌ಕ್ಯೂ ಕಂಪನಿಗಳ ಹಳೇ ಮಾಡೆಲ್‌ಗಳು ಇದಕ್ಕೆ ಹೆಸರುವಾಸಿ. ಎಲ್ಲ ಡ್ರೈವೂ ಹೇಳುವುದಿಲ್ಲ, ಲ್ಯಾಪ್‌ಟಾಪಿನ ತೆಳ್ಳಗಿನ ಡ್ರೈವ್ ತಂದು ಹೇಳು ಅಂದರೆ ಬಾಯಿ ಬಿಡುವುದು ಕಡಿಮೆ. ಆ ಲೆಕ್ಕ ಓದುವುದಕ್ಕೆ ಸಾಫ್ಟ್‌ವೇರ್ ಬೇಕು: ವಿಂಡೋಸ್‌ನಲ್ಲಿ ನೀರೋದವರ ಡಿಸ್ಕ್‌ಸ್ಪೀಡ್, ಆಪ್ಟಿ ಡ್ರೈವ್ ಕಂಟ್ರೋಲ್, ಪ್ಲೆಕ್ಸ್‌ಟರ್ ಇದ್ದರೆ ಪ್ಲೆಕ್ಸ್‌ಟೂಲ್ಸ್. ಲಿನಕ್ಸ್‌ನಲ್ಲಿ ಕ್ಯೂಪಿಎಕ್ಸ್‌ಟೂಲ್. ನಾನು ಗುಜರಿ ಅಂಗಡಿಯಲ್ಲಿ ಹಳೇ ಸಿಪಿಯು ಡಬ್ಬಗಳ ಮೂತಿ ನೋಡಿಕೊಂಡೇ ನಾಲ್ಕು ಡ್ರೈವ್ ಕೂಡಿಸಿದೆ. ಕ್ಯಾಸೆಟ್ ಕೊಟ್ಟದ್ದು ಗುಜರಿಗೆ, ಡ್ರೈವ್ ಬಂದದ್ದೂ ಗುಜರಿಯಿಂದ.

ಸ್ಕ್ಯಾನ್ ಮಾಡಿದಾಗ, ಅಂದರೆ ಡಿಸ್ಕ್ ಪೂರ್ತಿ ಓದಿಸಿ ತಪ್ಪು ಎಣಿಸಿದಾಗ, ಒಂದು ಗ್ರಾಫ್ ಬರುತ್ತದೆ. ಎಡಗಡೆ ಡಿಸ್ಕಿನ ಒಳಸುತ್ತು, ಬಲಗಡೆ ಹೊರ ಅಂಚು. ಒಳ್ಳೇ ಡಿಸ್ಕಾದರೆ ಕೆಳಗೆ ಆಗಷ್ಟೇ ಮೊಳೆತ ಅಗೆಯ ಹಾಗೆ ಗಿಡ್ಡಕ್ಕೆ ಒಂದೇ ಸಮ ಕಾಣುತ್ತದೆ. ನಡುವೆ ಒಂದೇ ಒಂದು ಮುಳ್ಳು ಎದ್ದಿದ್ದರೆ ಧೂಳೋ, ಗೀರೋ ಇರುತ್ತದೆ, ಮೆತ್ತಗಿನ ಬಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿ ಮತ್ತೆ ನೋಡಿ. ಸುತ್ತಿ ಒರೆಸಬೇಡಿ, ಗೀರು ಬಿದ್ದರೆ ಟ್ರ್ಯಾಕಿನ ಉದ್ದಕ್ಕೂ ಬೀಳುತ್ತದೆ, ಆ ಚದುರಿಸಿಟ್ಟ ಉಪಾಯ ಕೆಲಸಕ್ಕೆ ಬರುವುದಿಲ್ಲ. ನಾನು ಹೆದರುವುದು ಮುಳ್ಳಿಗಲ್ಲ, ಬಲಗಡೆ ನಿಧಾನಕ್ಕೆ ಏರುತ್ತಾ ಹೋಗುವ ದಿಬ್ಬಕ್ಕೆ. ಹೊರ ಅಂಚಿನಲ್ಲಿ ಬಣ್ಣದ ಲೇಪ ಏರುಪೇರಾಗಿರುವುದು ಜಾಸ್ತಿ, ತೇವ ನುಗ್ಗುವುದೂ ಅಲ್ಲಿಂದಲೇ. ಅದಕ್ಕೇ 700 ಎಂಬಿ ಡಿಸ್ಕಿಗೆ 700 ಎಂಬಿ ತುಂಬಬೇಡಿ. ಬಸ್ಸಿನ ಮೆಟ್ಟಿಲ ಮೇಲೆ ನೇತಾಡುವವನೇ ಮೊದಲು ಬೀಳುವುದು.

ಇನ್ನೊಂದು ಮಾತು, ಇದನ್ನು ಹೊಸಬರು ಸಾಮಾನ್ಯವಾಗಿ ತಪ್ಪು ಮಾಡುತ್ತಾರೆ. ನನ್ನ ಡ್ರೈವಿನಲ್ಲಿ ಬಂದ ನಂಬರನ್ನು ನಿಮ್ಮ ಡ್ರೈವಿನ ನಂಬರಿನ ಜೊತೆ ಹೋಲಿಸಬೇಡಿ. ಒಂದು ಡ್ರೈವ್ ಸಿ2 ಅಂತ ಎಣಿಸುವುದು ಒಂದನ್ನು, ಇನ್ನೊಂದು ಎಣಿಸುವುದು ಬೇರೆಯದನ್ನು. ಓದುವ ವೇಗ ಬದಲಾದರೂ ಅಂಕಿ ಬದಲಾಗುತ್ತದೆ. ಅದೇ ಡ್ರೈವ್, ಅದೇ ವೇಗ, ಅದೇ ಡಿಸ್ಕ್, ಎರಡು ವರ್ಷದ ಅಂತರ. ಆಗ ಬರುವ ವ್ಯತ್ಯಾಸಕ್ಕೆ ಅರ್ಥ ಇದೆ. ಮನೆಯ ತಕ್ಕಡಿಯಲ್ಲಿ ತೂಕ ನೋಡಿಕೊಳ್ಳುವವರು ಆಸ್ಪತ್ರೆಯ ತಕ್ಕಡಿಗೆ ಹೋಲಿಸಿ ಗಾಬರಿ ಬೀಳುವುದಿಲ್ಲವಲ್ಲ. ಹಾಗಾಗಿ ಮುಖ್ಯವಾದ ಸ್ಕ್ಯಾನ್ ಅಂದರೆ ಬರೆದ ದಿನವೇ ಮಾಡಿದ್ದು. ಅದಿಲ್ಲದಿದ್ದರೆ ಮುಂದೆ ಯಾವುದಕ್ಕೆ ಹೋಲಿಸುತ್ತೀರಿ? ನನ್ನದೊಂದು ಗೆರೆ ಹಾಕಿದ ನೋಟ್‌ಬುಕ್ ಇದೆ: ಡಿಸ್ಕಿನ ನಂಬರು, ಬರೆದ ತಾರೀಖು, ಡ್ರೈವ್, ವೇಗ, ಸರಾಸರಿ, ಗರಿಷ್ಠ, ಸಿ2. ಎಕ್ಸೆಲ್ ಬೇಡ ಅಂತಲ್ಲ, ಕಂಪ್ಯೂಟರೇ ಕೆಟ್ಟ ದಿನ ಬೇಕಾಗುವ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ.

ಡಿವಿಡಿಯದ್ದು ಇದೇ ಕಥೆ, ಹೆಸರು ಬೇರೆ. ಅಲ್ಲಿ ಸಿ1, ಸಿ2 ಬದಲು ಪಿಐ, ಪಿಒ ಅಂತ, ಫ್ರೇಮಿನ ಬದಲು ಬ್ಲಾಕ್ ಅನ್ನುವ ದೊಡ್ಡ ಕಂತು. ಎಂಟು ಬ್ಲಾಕಿಗೆ ಪಿಐ ತಪ್ಪು 280 ದಾಟಬಾರದು ಅನ್ನುವುದು ಮೇಲಿನ ಮಿತಿ. ಮೊದಲ ಸುತ್ತಿನಲ್ಲಿ ತಿದ್ದಲಾಗದೆ ಉಳಿದದ್ದು ಒಂದು ಬ್ಲಾಕಿಗೆ 4ರ ಒಳಗೆ ಇರಬೇಕು. ನಾನು ಎರಡನೆಯದನ್ನೇ ಹೆಚ್ಚು ನೋಡುತ್ತೇನೆ.

ಈಗ ಎಲ್ಲರೂ ಕೇಳುವ ಪ್ರಶ್ನೆ, ಯಾವ ಡಿಸ್ಕ್ ತರಬೇಕು? ಬ್ರಾಂಡ್ ಹೆಸರು ನೋಡಿ ತರುವುದರಲ್ಲಿ ಅರ್ಥ ಕಡಿಮೆ. ಪೆಟ್ಟಿಗೆಯ ಮೇಲಿನ ಹೆಸರು ಒಂದು, ಒಳಗಿನ ಡಿಸ್ಕ್ ಮಾಡಿದ ಫ್ಯಾಕ್ಟರಿ ಇನ್ನೊಂದು. ಒಂದೇ ಬ್ರಾಂಡಿನ ಎರಡು ಸ್ಪಿಂಡಲ್, ಅಂದರೆ ಕಡ್ಡಿಗೆ ಪೋಣಿಸಿದ ಡಿಸ್ಕಿನ ಕಟ್ಟು, ತಂದರೆ ಎರಡರಲ್ಲೂ ಬೇರೆ ಬೇರೆ ಫ್ಯಾಕ್ಟರಿಯ ಮಾಲು ಇರಬಹುದು. ಆದರೆ ಡಿಸ್ಕಿನ ಒಳಸುತ್ತಿನಲ್ಲೇ ಮಾಡಿದವರ ಗುರುತು ಇರುತ್ತದೆ, ಮೇಲೆ ಹೇಳಿದ ಸಾಫ್ಟ್‌ವೇರ್ ಅದನ್ನು ಓದಿ ತೋರಿಸುತ್ತದೆ. ಸಿಡಿಯಲ್ಲಿ ಈ ಗುರುತು ಸಮಯದ ರೂಪದಲ್ಲಿರುತ್ತದೆ, 97 ನಿಮಿಷ 24 ಸೆಕೆಂಡ್ ಅಂತ ಬಂದರೆ ಅದು ಜಪಾನಿನ ತೈಯೋ ಯುಡೆನ್. ಬರೆಯುವ ಸಿಡಿಯನ್ನು 1988ರಲ್ಲಿ ಮೊದಲು ಮಾಡಿ ತೋರಿಸಿದವರೇ ಅವರು. ಜನ ಅದನ್ನು ಹುಡುಕಿಕೊಂಡು ಹೋಗುತ್ತಿದ್ದರು. 2015ರ ಕೊನೆಗೆ ಅವರೂ ಡಿಸ್ಕ್ ಮಾಡುವುದನ್ನು ನಿಲ್ಲಿಸಿದರು. ನಮ್ಮ ದೇಶದಲ್ಲಿ ನೋಯ್ಡಾದ ಮೋಸರ್ ಬೇರ್ ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿತ್ತು, ಅದೂ ಈಗ ಇಲ್ಲ.

ಬಣ್ಣದಲ್ಲಿ ಮೂರು ಜಾತಿ. ಸಯನಿನ್ ಹಸಿರು ನೀಲಿ ಛಾಯೆಯದ್ದು, ಬೆಳಕಿಗೆ ಬೇಗ ಸೋಲುತ್ತದೆ. ಆಜೋ ಕಡುನೀಲಿ. ಥ್ಯಾಲೊಸಯನಿನ್ ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಹಾಗೆ ತಿಳಿಯಾಗಿರುತ್ತದೆ. ಅಮೆರಿಕದ ಎನ್‌ಐಎಸ್‌ಟಿ, ಅಂದರೆ ಅಲ್ಲಿನ ಅಳತೆ ಮಾನದಂಡಗಳ ಸಂಸ್ಥೆ, 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸಿಡಿಗಳನ್ನು ಬಿಸಿ, ತೇವ, ಬೆಳಕಿಗೆ ಒಡ್ಡಿ ನೋಡಿದರು. ಥ್ಯಾಲೊಸಯನಿನ್ ಬಣ್ಣ, ಚಿನ್ನ ಬೆರೆಸಿದ ಬೆಳ್ಳಿಯ ಪದರ ಇದ್ದವು ಹೆಚ್ಚು ತಡೆದವು. ಚಿನ್ನದ ಮಾತು ನಮ್ಮ ಮನೆಯವರಿಗೆ ಬೇಗ ಅರ್ಥವಾಯಿತು. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುತ್ತದೆ, ಮೂಗುತಿ ಕಪ್ಪಾಗುವುದಿಲ್ಲ. ಆದರೆ ಚಿನ್ನದ ಡಿಸ್ಕ್ ಅಂತ ದುಡ್ಡು ಕೊಟ್ಟು ತಂದು, ಲೆನ್ಸಿಗೆ ಧೂಳು ಹಿಡಿದ ಡ್ರೈವಿನಲ್ಲಿ ಕೆಟ್ಟದಾಗಿ ಬರೆದರೆ ಏನು ಬಂತು? ಮೊದಲ ದಿನದ ಸ್ಕ್ಯಾನಿನಲ್ಲೇ ಸೋತ ಚಿನ್ನದ ಡಿಸ್ಕ್ ನನ್ನ ಹತ್ತಿರ ಇದೆ.

ಆ "100 ವರ್ಷ" ಎಲ್ಲಿಂದ ಬಂತು ಅಂತಲೂ ಹೇಳಬೇಕು. ಯಾರೂ ನೂರು ವರ್ಷ ಕಾದು ನೋಡಿದ್ದಲ್ಲ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಬೇಗ ಹಣ್ಣು ಮಾಡುತ್ತೇವಲ್ಲ, ಅದೇ ರೀತಿ ಡಿಸ್ಕ್‌ಗಳನ್ನು 85 ಡಿಗ್ರಿ ಬಿಸಿ, ನೂರಕ್ಕೆ 85 ತೇವ ಇರುವ ಪೆಟ್ಟಿಗೆಯಲ್ಲಿ ನೂರಾರು ಗಂಟೆ ಇಡುತ್ತಾರೆ. ಬೇರೆ ಕೆಲವನ್ನು ಸ್ವಲ್ಪ ಕಡಿಮೆ ಬಿಸಿ, ಕಡಿಮೆ ತೇವದಲ್ಲಿ. ಆಗಾಗ ತೆಗೆದು ತಪ್ಪು ಎಣಿಸುತ್ತಾರೆ. ಎಷ್ಟು ಬಿಸಿಗೆ ಎಷ್ಟು ಬೇಗ ಕೆಡುತ್ತದೆ ಅನ್ನುವ ಲೆಕ್ಕ ಹಿಡಿದು ಸಾಮಾನ್ಯ ಕೋಣೆಗೆ ಎಷ್ಟು ವರ್ಷ ಅಂತ ಹಿಂದಕ್ಕೆ ಎಣಿಸುತ್ತಾರೆ. 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದವರು ಡಿವಿಡಿಗಳಿಗೆ ಇದಕ್ಕೊಂದು ಕ್ರಮವನ್ನೇ ಮಾಡಿದರು. ಲೆಕ್ಕ ಸರಿಯಾದದ್ದೇ. ಆದರೆ ಅವರ ಸಾಮಾನ್ಯ ಕೋಣೆ ಅಂದರೆ 25 ಡಿಗ್ರಿ, 50 ತೇವ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳು ಬೀರು ಬಾಗಿಲು ತೆಗೆದರೆ ಚಪ್ಪಲಿ ಮೇಲೆ ಬೂಷ್ಟು ಬೆಳೆದಿರುತ್ತದೆ. ಪೆಟ್ಟಿಗೆ ಮೇಲೆ ಬರೆದ ನೂರು ವರ್ಷ ನಮ್ಮ ಮನೆಯ ನೂರು ವರ್ಷ ಅಲ್ಲ.

ಬೂಷ್ಟು ಅಂದಾಗ ನೆನಪಾಯಿತು. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಒಂದು ಸಿಡಿಯನ್ನು ಸ್ಪೇನ್‌ನ ವಿಜ್ಞಾನಿಗಳು ನೋಡಿದರೆ, ಜಿಯೋಟ್ರೈಕಮ್ ಅನ್ನುವ ಬೂಷ್ಟು ಹೊರ ಅಂಚಿನಿಂದ ಒಳಹೊಕ್ಕು ಲೋಹ, ಪ್ಲಾಸ್ಟಿಕ್ ಎರಡನ್ನೂ ಮೇಯ್ದಿತ್ತು. ಇದು ಅಪರೂಪ, ಹೆದರಿಸುವುದಕ್ಕೆ ಹೇಳಿದ್ದಲ್ಲ. ಸ್ವಲ್ಪ ಹೆದರಿಸುವುದಕ್ಕೂ ಹೇಳಿದೆ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದೇ ಸ್ಪಿಂಡಲಿನ ಎರಡು ಡಿಸ್ಕಿಗೆ ಒಂದೇ ಫೈಲು ಬರೆಯಿರಿ. ಎರಡನ್ನೂ ಸ್ಕ್ಯಾನ್ ಮಾಡಿ. ಒಂದನ್ನು ಕಪಾಟಿನ ಕತ್ತಲಲ್ಲಿ ಇಡಿ, ಇನ್ನೊಂದನ್ನು ಕಿಟಕಿ ದಂಡೆಯ ಮೇಲೆ ಹೊಳೆಯುವ ಮೈ ಬಿಸಿಲಿಗೆ ಮಾಡಿ ಇಡಿ. ನಾನು ಮಾರ್ಚಿನಲ್ಲಿ ಇಟ್ಟಿದ್ದೆ, ಹಪ್ಪಳದ ಪಕ್ಕ. ವಾರಕ್ಕೊಮ್ಮೆ ಸ್ಕ್ಯಾನ್. ಸಯನಿನ್ ಡಿಸ್ಕಿನ ಗ್ರಾಫ್ ವಾರ ವಾರಕ್ಕೆ ಎದ್ದು, ಮೇ ಬರುವ ಹೊತ್ತಿಗೆ ಡ್ರೈವ್ ಅದನ್ನು ಡಿಸ್ಕ್ ಅಂತಲೇ ಒಪ್ಪಲಿಲ್ಲ. ಬರಿಗಣ್ಣಿಗೂ ಹಸಿರು ಮಾಸಿ ಬಿಳಿಚಿಕೊಂಡಿತ್ತು. ಕಪಾಟಿನ ಅಣ್ಣನಿಗೆ ಏನೂ ಆಗಿರಲಿಲ್ಲ. ಹೊಸ ಬ್ರಾಂಡ್ ತಂದಾಗೆಲ್ಲ ಈ ಆಟ ಆಡುತ್ತೇನೆ. ಇದು ವರ್ಷ ಹೇಳುವುದಿಲ್ಲ, ಆದರೆ ಎರಡು ಬಗೆಯಲ್ಲಿ ಯಾವುದು ಬಿಸಿಲಿಗೆ ಗಟ್ಟಿ ಅಂತ ಹೇಳುತ್ತದೆ.

ಬರೆಯುವ ವೇಗದ ಬಗ್ಗೆ ಒಂದು ನಂಬಿಕೆ ಇದೆ, ನಿಧಾನ ಮಾಡಿದಷ್ಟೂ ಒಳ್ಳೆಯದು ಅಂತ. ಹಳೇ ಡಿಸ್ಕಿಗೆ ಸರಿಯಿತ್ತೇನೋ. 52 ಪಟ್ಟು ವೇಗಕ್ಕೆ ಅಂತ ಮಾಡಿದ ಈಗಿನ ಸಿಡಿಯನ್ನು 4 ಪಟ್ಟಿನಲ್ಲಿ ಬರೆದರೆ ಎಷ್ಟೋ ಸಲ ಕೆಟ್ಟದಾಗಿ ಬರುತ್ತದೆ. ದೋಸೆಗೆ ಕಾವು ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಸಿಡಿಗೆ 16ರಿಂದ 24, ಡಿವಿಡಿಗೆ 8, ಇಲ್ಲಿಂದ ಶುರು ಮಾಡಿ. ಎರಡು ಮೂರು ವೇಗದಲ್ಲಿ ಬರೆದು ಸ್ಕ್ಯಾನ್ ನೋಡಿ ನೀವೇ ತೀರ್ಮಾನ ಮಾಡಿ.

ಆಡಿಯೋ ಸಿಡಿಯಾಗಿ ಬರೆಯಬೇಡಿ, ಡೇಟಾ ಸಿಡಿಯಾಗಿ ವೇವ್ ಫೈಲ್ ಇಡಿ. ಡೇಟಾ ಸಿಡಿಯ 2352 ಬೈಟಿನ ಪ್ರತಿ ತುಂಡಿನಲ್ಲಿ ನಮಗೆ ಸಿಗುವುದು 2048 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಸಿ1, ಸಿ2 ಆದಮೇಲೆ ಮೂರನೇ ಸುತ್ತಿನ ತಿದ್ದುಪಡಿಗೆ ಹೋಗುತ್ತದೆ. ಜಾಗ ಸ್ವಲ್ಪ ಕಮ್ಮಿ, ಆಯಸ್ಸು ಜಾಸ್ತಿ. ಊಹೆ ಮಾಡಿ ತುಂಬುವ ನಾಟಕವೂ ಇಲ್ಲಿಲ್ಲ, ತಪ್ಪಿದ್ದರೆ ತಪ್ಪು ಅಂತ ಹೇಳಿಬಿಡುತ್ತದೆ. ಜೊತೆಗೆ ಫೈಲುಗಳ ಚೆಕ್‌ಸಮ್, ಅಂದರೆ ಫೈಲಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ತಾಳೆ ಸಂಖ್ಯೆ, ಕೂಡ ಬರೆದಿಡಿ. ಚೆಕ್‌ಸಮ್ ಹೇಳುವುದು ಮಾಲು ಕೆಟ್ಟಿದೆಯೋ ಇಲ್ಲವೋ ಅಂತ. ಕೆಡುವುದಕ್ಕೆ ಎಷ್ಟು ಹತ್ತಿರ ಬಂದಿದೆ ಅಂತ ಹೇಳುವುದು ಸ್ಕ್ಯಾನ್. ಎರಡೂ ಬೇಕು.

ಇಡುವುದು ಹೇಗೆ ಅಂದರೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿ. ಎನ್‌ಐಎಸ್‌ಟಿ ಕೈಪಿಡಿ 18 ಡಿಗ್ರಿ, 40 ತೇವ ಅನ್ನುತ್ತದೆ. ನಮ್ಮಲ್ಲಿ ಅದು ಬ್ಯಾಂಕ್ ಮ್ಯಾನೇಜರ್ ರೂಮಿನಲ್ಲಿ ಮಾತ್ರ ಸಾಧ್ಯ. ನಾನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೇನೆ, ಮಳೆಗಾಲದಲ್ಲಿ ಡಬ್ಬ ತೆಗೆಯುವುದಿಲ್ಲ. ಬರೆಯುವುದಾದರೆ ನೀರಿನ ಇಂಕಿನ ಮೆತ್ತಗಿನ ಮಾರ್ಕರ್, ಅದೂ ನಡುವಿನ ಪಾರದರ್ಶಕ ಉಂಗುರದ ಮೇಲೆ.

ಕೊನೆಗೆ ಪ್ರಶ್ನೆಗಳು. ಒಬ್ಬರು, "ಇಷ್ಟೆಲ್ಲ ಯಾಕೆ, ಹಾರ್ಡ್ ಡಿಸ್ಕಿಗೆ ಹಾಕಿದರೆ ಮುಗಿಯಿತಲ್ಲ?" ಅಂದರು. ಹಾಕಿ, ಮೊದಲು ಅದನ್ನೇ ಮಾಡಿ. ನನ್ನದೂ ಒಂದು ಹಾರ್ಡ್ ಡಿಸ್ಕಿನಲ್ಲಿದೆ, ಇನ್ನೊಂದು ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದೆ. ಡಿಸ್ಕ್ ನನಗೆ ಮೂರನೆಯದು. ಒಮ್ಮೆ ಬರೆದರೆ ವೈರಸ್ ಅಳಿಸಲಾರದು, ಮೊಮ್ಮಗ ಡಿಲೀಟ್ ಮಾಡಲಾರ, ಅದಕ್ಕೆ ಇಟ್ಟುಕೊಂಡಿದ್ದೇನೆ. ಇನ್ನೊಬ್ಬರು ಎಂ‑ಡಿಸ್ಕ್ ಬಗ್ಗೆ ಕೇಳಿದರು, ಕಲ್ಲಿನಂಥ ಪದರ, ಸಾವಿರ ವರ್ಷ ಅನ್ನುತ್ತಾರಲ್ಲ ಅಂತ. ಬಣ್ಣ ಇಲ್ಲದ ಡಿಸ್ಕ್, ವಿಚಾರ ಒಳ್ಳೆಯದೇ. ಅದನ್ನು ಹೊರತಂದ ಅಮೆರಿಕದ ಮಿಲೆನಿಯಾಟಾ ಕಂಪನಿ 2016ರಲ್ಲೇ ಮುಳುಗಿತು, ಡಿಸ್ಕಿನ ಹೆಸರು ಬೇರೆಯವರ ಕೈಗೆ ಹೋಯಿತು. ತಂದರೆ ಅದನ್ನೂ ಸ್ಕ್ಯಾನ್ ಮಾಡಿ. ಆದರೆ ಒಂದು ತಿಳಿದಿರಲಿ: ಪ್ಯಾನಸಾನಿಕ್ 2023ರಲ್ಲಿ, ಸೋನಿ 2025ರಲ್ಲಿ ಬರೆಯುವ ಬ್ಲೂರೇ ಡಿಸ್ಕ್ ಮಾಡುವುದನ್ನು ನಿಲ್ಲಿಸಿವೆ. ಸಿಕ್ಕಾಗ ಒಂದು ಹೆಚ್ಚುವರಿ ಡ್ರೈವ್ ತೆಗೆದಿಡಿ.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಅಂಗಿ ಜೇಬಿನಿಂದ ಬರೀ ಕಾಗದದಲ್ಲಿ ಸುತ್ತಿದ ಸಿಡಿ ತೆಗೆದರು. ಮದ್ದಳೆ ಬಾರಿಸಿದ್ದು ಅವರ ತಮ್ಮನಂತೆ, ತಮ್ಮ ಈಗ ಇಲ್ಲ. "ನಿನ್ನೆಯೂ ಕೇಳಿದೆ ಮಾರಾಯ, ಲಾಯಕ್ಕಿದೆ" ಅಂದರು. ಅಲ್ಲೇ ಲ್ಯಾಪ್‌ಟಾಪಿಗೆ ಡ್ರೈವ್ ಸಿಕ್ಕಿಸಿ ಸ್ಕ್ಯಾನಿಗೆ ಹಾಕಿದೆ. ಮೊದಲ ಅರ್ಧ ಗಿಡ್ಡ ಅಗೆ. ಆಮೇಲೆ ದಿಬ್ಬ ಶುರುವಾಯಿತು. ಕೊನೆಯ ಎಂಟು ನಿಮಿಷದಲ್ಲಿ ಸಿ1 ಮುನ್ನೂರು ದಾಟಿ, ಸಿ2 ಒಂದೊಂದಾಗಿ ಏಳತೊಡಗಿತು. ಸ್ಕ್ಯಾನ್ ಅಲ್ಲಿಗೇ ನಿಲ್ಲಿಸಿ, ವೇಗ ಇಳಿಸಿ, ನಕಲು ಮಾಡಲು ಹಾಕಿದೆ. ಚಹಾ ಬಂತು, ಬನ್ಸ್ ಬಂತು. ಅವರು ಡ್ರೈವ್ ಮೇಲಿನ ಕಣ್ಣು ತೆಗೆಯಲಿಲ್ಲ. ಒಂದು ಕಡೆ ಡ್ರೈವ್ ಗೊರಗೊರ ಅಂದು ಅರ್ಧ ನಿಮಿಷ ಒಂದೇ ಜಾಗ ಹಿಡಿದು ಜಗ್ಗಾಡಿತು, ಆಮೇಲೆ ಮುಂದೆ ಹೋಯಿತು. ಪೂರ್ತಿ ಬಂತು.

ನಿಮ್ಮಲ್ಲೂ ಹೀಗೆ ಇದ್ದರೆ ತನ್ನಿ. ಭಾನುವಾರ ಬಿಟ್ಟು ಉಳಿದ ದಿನ ಸಂಜೆ ನಾಲ್ಕರ ಮೇಲೆ ನಾನು ಈ ಗ್ರಂಥಾಲಯದಲ್ಲೇ ಇರುತ್ತೇನೆ. ದುಡ್ಡು ಬೇಡ. ಲೇಬಲ್ ಅಂಟಿಸಿದ್ದರೆ ಹಾಗೇ ತನ್ನಿ, ದಯವಿಟ್ಟು ಕೀಳಬೇಡಿ.